ಸುಬ್ಬು ಹಾಕಬೇಕಿದ್ದ ಚೆಂಡು

ಭಾನುವಾರ ಬೆಳಿಗ್ಗೆ ಸುಬ್ರಹ್ಮಣ್ಯ ಇನ್ನೂ ಹಲ್ಲುಜ್ಜುತ್ತಿರುವಾಗಲೇ ಅವನ ಫೋನು ಮೇಜಿನ ಮೇಲೆ ಅಂಗಾತ ಬಿದ್ದ ಜಿರಳೆಯ ಹಾಗೆ ಒದ್ದಾಡತೊಡಗಿತು. ಅವರ ಕ್ರಿಕೆಟ್ ತಂಡದ ವಾಟ್ಸಾಪ್ ಗುಂಪಿನಲ್ಲಿ ಕ್ಯಾಪ್ಟನ್ ಗುರುಚರಣ್ ಮೂರು ಸಾಲು ಹಾಕಿದ್ದ. 'ಇವತ್ತು ಮಧ್ಯಾಹ್ನ ಬಾಗಲಗುಂಟೆ ಗ್ರೌಂಡಲ್ಲಿ ವಿಜಿ ನೆನಪಿನ ಮ್ಯಾಚು. ಮೊದಲನೇ ಬಾಲ್ ಆಡೋದು ವಿಜಿ ಅಪ್ಪ ಮುನಿಗಂಗಪ್ಪನೋರು. ಹಾಕೋದು ನಮ್ಮ ಸುಬ್ಬು.'

ಅದರ ಕೆಳಗೆ ಒಬ್ಬೊಬ್ಬರೇ ಬಾಯಿಬಿಟ್ಟರು.

'ಸುಬ್ಬುನಾ? ಯೋಚ್ನೆ ಮಾಡಿ ಹೇಳ್ತಿದ್ದೀಯಾ ಗುರು?'

'ಯಜಮಾನ್ರಿಗೆ ಹೆಲ್ಮೆಟ್ ಹಾಕ್ಸಿ.'

'ಅವರಿಗೊಬ್ಬರಿಗೇ ಸಾಲಲ್ಲ ಮಗಾ. ಸುತ್ತ ನಿಂತಿರೋರಿಗೂ ಬೇಕು.'

ಸುಬ್ಬು ಬಾಯಿ ಮುಕ್ಕಳಿಸಿ, ಇದನ್ನೆಲ್ಲ ಓದಿ, ಬಚ್ಚಲ ಮನೆಯ ಬಾಗಿಲಲ್ಲೇ ಕೂತುಬಿಟ್ಟ.

ಅವರು ಆಡಿಕೊಂಡಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಯಶವಂತಪುರದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಸುಬ್ಬು ಇಪ್ಪತ್ತು ವರ್ಷದಿಂದ ಈ ತಂಡದ ಬೌಲರು. ಓಡಿಬರುವುದೇನೋ ಹೊರಟ ಬಸ್ಸು ಹಿಡಿಯುವವನ ಹಾಗೆ ಜೋರಾಗಿಯೇ ಓಡಿಬರುತ್ತಿದ್ದ. ಕೈಯನ್ನೂ ಸೊಗಸಾಗಿ ತಿರುಗಿಸುತ್ತಿದ್ದ. ಕೆಡುತ್ತಿದ್ದುದು ಚೆಂಡನ್ನು ಕೈಯಿಂದ ಬಿಡುವ ಗಳಿಗೆಯಲ್ಲಿ ಮಾತ್ರ. ಬೇಗ ಬಿಟ್ಟರೆ ಅದು ಆಕಾಶಕ್ಕೆ ಹೋಗುತ್ತಿತ್ತು. ತಡವಾಗಿ ಬಿಟ್ಟರೆ ಅವನದೇ ಹೆಬ್ಬೆರಳಿನ ಮೇಲೆ ಬೀಳುತ್ತಿತ್ತು. ಒಮ್ಮೆ ಪಕ್ಕದಲ್ಲಿ ನಿಂತ ಅಂಪೈರಿನ ಕನ್ನಡಕ ಹೋಗಿತ್ತು. ಇನ್ನೊಮ್ಮೆ ಬೌಂಡರಿಯಾಚೆ ಟೀ ಮಾರುತ್ತಿದ್ದವನ ಫ್ಲಾಸ್ಕು.

ಇಂಥವನನ್ನು ತಂಡ ಇಷ್ಟು ವರ್ಷ ಇಟ್ಟುಕೊಂಡದ್ದು ವಿಜಿಯಿಂದಾಗಿ. ಬಾಗಲಗುಂಟೆಯ ವಿಜಯ್ ಕುಮಾರ್ ವಿಕೆಟ್ ಕೀಪರ್. ಹೊಟ್ಟೆಪಾಡಿಗೆ ಹೆಸರಘಟ್ಟ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಸುಬ್ಬುವಿನ ಚೆಂಡು ಎಲ್ಲಿಗೆ ಹಾರಿದರೂ ಅದರ ಹಿಂದೆ ವಿಜಿ ಹಾರುತ್ತಿದ್ದ. ಅಡ್ಡಡ್ಡ ಬಿದ್ದು, ಮಣ್ಣಲ್ಲಿ ಉರುಳಿ, ಚೆಂಡು ಎತ್ತಿ ತೋರಿಸಿ ನಗುತ್ತಿದ್ದ. ಬೇರೆಯವರು ಗೊಣಗಿದರೆ, "ಅವನು ಹಾಕ್ಲಿ ಬಿಡ್ರೋ, ನಾನಿದೀನಲ್ಲ" ಎನ್ನುತ್ತಿದ್ದ.

ಆ ವಿಜಿ ಯುಗಾದಿಗೆ ಮುಂಚೆ, ಬಿಚ್ಚಿಟ್ಟ ಮೋಟರೊಂದರ ಎದುರು ಕೂತವನು ಕೂತ ಹಾಗೇ ಪಕ್ಕಕ್ಕೆ ವಾಲಿ ಹೋಗಿಬಿಟ್ಟ. ಆವತ್ತಿನಿಂದ ಸುಬ್ಬು ಚೆಂಡು ಮುಟ್ಟಿರಲಿಲ್ಲ.

ಅವನು ಗುರುಚರಣ್‌ಗೆ ಫೋನು ಮಾಡಿದ. "ಬೇರೆ ಯಾರ ಹತ್ರನಾದ್ರೂ ಹಾಕ್ಸೋ. ಕಣ್ಣು ಆಪರೇಷನ್ ಆಗಿರೋ ಮನುಷ್ಯ ಅವರು. ನನ್ನ ಚೆಂಡು ನಿನಗೆ ಗೊತ್ತಲ್ಲ."

"ಗೊತ್ತಿರೋದಕ್ಕೇ ನಾನೂ ಬೇಡ ಅಂದೆ ಕಣೋ. ವಿಜಿ ಹೆಂಡ್ತಿ ಧನಲಕ್ಷ್ಮಿಯೋರೇ ಫೋನ್ ಮಾಡಿದ್ರು. ಸುಬ್ರಮಣ್ಯನೇ ಹಾಕ್ಬೇಕಂತೆ. ಇಲ್ದಿದ್ರೆ ಮಾವ ಬರೋದೇ ಇಲ್ವಂತೆ."

"ಯಾಕಂತೆ?"

"ಕೇಳೋಕಾಗುತ್ತಾ ಅದನ್ನೆಲ್ಲ? ನೋಡು, ಮಧ್ಯಾಹ್ನದವರೆಗೆ ಟೈಮಿದೆ. ಒಂದೇ ಒಂದು ಚೆಂಡು. ಮೆತ್ತಗೆ, ನೆಟ್ಟಗೆ, ಬ್ಯಾಟಿಗೆ ಬರೋ ಹಾಗೆ ಹಾಕು. ಅವರು ಮುಟ್ಟಿದ್ರೆ ಸಾಕು, ನಮ್ಮೋರೆಲ್ಲ ಬೇಕಂತಲೇ ಬಿಟ್ಟುಬಿಡ್ತಾರೆ, ಫೋರ್ ಹೋಗುತ್ತೆ, ಚಪ್ಪಾಳೆ ಹೊಡೀತೀವಿ. ಅಷ್ಟೂ ಆಗಲ್ವಾ ನಿನ್ನ ಕೈಲಿ, ವಿಜಿಗೋಸ್ಕರ?"

ವಿಜಿಗೋಸ್ಕರ ಎಂದ ಮೇಲೆ ಸುಬ್ಬು ಒಪ್ಪಿಕೊಂಡ.

ಹೆಂಡತಿ ಸೀತಾ ತಿಂಡಿ ಕೊಡುತ್ತಾ, "ಆ ಮನೇಲಿ ಆಗಿರೋದೇ ಸಾಕು. ನೀವೊಂದು ಹೋಗಿ ಅವರ ಮೂಗು ಗೀಗು ಒಡೀಬೇಡಿ" ಎಂದಳು. ಸುಬ್ಬು ಅರ್ಧ ಇಡ್ಲಿ ತಟ್ಟೆಯಲ್ಲೇ ಬಿಟ್ಟು, ಟೆನಿಸ್ ಚೆಂಡು ಹಿಡಿದು ರಸ್ತೆಗಿಳಿದ.

ಸಂಜಯನಗರದ ಅವರ ಕ್ರಾಸಿನಲ್ಲಿ ಭಾನುವಾರ ವಾಹನ ಕಡಿಮೆ. ಮನೆಯ ಕಸದ ಡಬ್ಬವನ್ನೇ ಸ್ಟಂಪು ಮಾಡಿ, ದೂರದಿಂದ ಓಡಿಬಂದು ಮೊದಲ ಚೆಂಡು ಎಸೆದ. ಅದು ಎದುರು ಮನೆಯ ಎರಡನೇ ಮಹಡಿಯ ಬಿಸಿಲುಮಚ್ಚಿಗೆ ಹೋಯಿತು. ಅಲ್ಲಿ ಮಾಲಾ ಎನ್ನುವವರು ಸಂಡಿಗೆ ಹರಡಿದ್ದರು. ಅವರು ಚೆಂಡು ಹಿಡಿದು ಕೆಳಗಿಳಿದು ಬಂದಾಗ ಅದಕ್ಕೆ ಸಂಡಿಗೆ ಹಿಟ್ಟು ಗಡ್ಡ ಬಂದ ಹಾಗೆ ಮೆತ್ತಿಕೊಂಡಿತ್ತು.

"ಏನ್ರೀ ಇದು ಸುಬ್ರಹ್ಮಣ್ಯ, ಈ ವಯಸ್ಸಲ್ಲಿ?"

ಸುಬ್ಬು ತಗ್ಗಿದ ದನಿಯಲ್ಲಿ ವಿಷಯ ಹೇಳಿದ. ಮಾಲಾ ಬೈಯುವುದಕ್ಕೆ ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು. ಅವರ ಸಂಪಿನ ಮೋಟರು ಕೆಟ್ಟಾಗಲೆಲ್ಲ ಸುಬ್ಬು ಕರೆಸುತ್ತಿದ್ದುದು ವಿಜಿಯನ್ನೇ. "ಅಯ್ಯೋ ಆ ಹುಡುಗ" ಎಂದು ಚೆಂಡಿನ ಹಿಟ್ಟನ್ನು ಸೆರಗಿನಲ್ಲಿ ಒರೆಸಿದರು. ಆಮೇಲೆ, "ನಾನು ಕಾಲೇಜಲ್ಲಿ ಥ್ರೋಬಾಲ್ ಆಡ್ತಿದ್ದೆ. ನೀವು ಚೆಂಡನ್ನ ಕಳ್ಳನ ಕುತ್ತಿಗೆ ಹಿಡಿದ ಹಾಗೆ ಹಿಡೀತೀರ. ಅದಕ್ಕೇ ಬಿಡೋಕೆ ಬರಲ್ಲ. ಮೊಟ್ಟೆ ಹಿಡಿದ ಹಾಗೆ ಹಿಡೀಬೇಕು" ಎಂದರು.

ಅಷ್ಟರಲ್ಲಿ ಮೂಲೆ ಮೆಡಿಕಲ್ ಸ್ಟೋರಿನ ಅಜ್ಜು ಸ್ಕೂಟರಲ್ಲಿ ಬಂದ. ಇವತ್ತಿನ ಮ್ಯಾಚಿಗೆ ಅವನೇ ಅಂಪೈರು. ಮೊಟ್ಟೆ ಎಂದಿದ್ದು ಕಿವಿಗೆ ಬಿದ್ದದ್ದೇ ತಡ, "ಕರೆಕ್ಟ್ ಆಂಟಿ. ಮೊಟ್ಟೇಲೇ ಪ್ರಾಕ್ಟೀಸ್ ಮಾಡ್ಸಣ. ಒಡೀಬಾರ್ದು ಅಂತ ಭಯ ಇದ್ರೆ ಕೈ ತಾನೇ ಕಲಿಯುತ್ತೆ" ಎಂದು ಅಂಗಡಿಗೆ ಹೋಗಿ ಮೊಟ್ಟೆಗಳನ್ನು ತಂದೇಬಿಟ್ಟ.

"ಬೇಡ ಅಜ್ಜು."

"ಮಚ್ಚಾ, ವಿಜಿ ಅಪ್ಪನ ತಲೆಗಿಂತ ಮೊಟ್ಟೆ ಹೆಚ್ಚಾ?"

ಮೊದಲ ಮೊಟ್ಟೆ ಸುಬ್ಬುವಿನ ಅಂಗೈಯಲ್ಲೇ ಒಡೆದು ಮೊಣಕೈವರೆಗೆ ಇಳಿಯಿತು. ಎರಡನೆಯದನ್ನು ಅವನು ಎಷ್ಟು ನಾಜೂಕಾಗಿ ಹಿಡಿದನೆಂದರೆ, ಕೈ ಹಿಂದಕ್ಕೆ ಹೋದಾಗಲೇ ಅದು ಬೆರಳಿನಿಂದ ಜಾರಿ, ಹಿಮ್ಮುಖವಾಗಿ ಹಾರಿ, ದೇವಸ್ಥಾನದಿಂದ ತೀರ್ಥ ತೆಗೆದುಕೊಂಡು ಬರುತ್ತಿದ್ದ ಚಿಕ್ಕಬೈರಪ್ಪನವರ ಬಿಳಿ ಪಂಚೆಯ ನಡುಮಧ್ಯಕ್ಕೆ ಅಪ್ಪಳಿಸಿತು. ಚಿಕ್ಕಬೈರಪ್ಪ ಬಡಾವಣೆ ಸಂಘದ ಅಧ್ಯಕ್ಷರು. ಗೇಟಿನ ಎದುರು ಸ್ಕೂಟರು ಓರೆ ನಿಲ್ಲಿಸಿದವರಿಗೂ ನೋಟಿಸು ಕೊಡುವ ಮನುಷ್ಯ.

ಅವರು ಪಂಚೆ ನೋಡಿಕೊಂಡರು. ಹಳದಿ ನಿಧಾನವಾಗಿ ಅಂಚಿನ ಕಡೆ ಹರಿಯುತ್ತಿತ್ತು. "ಯಾರೋ ಒಡ್ದಿದ್ದು ಇದು?" ಎಂದು ಗುಡುಗಿದರು.

ಅಜ್ಜು ಮುಂದೆ ಬಂದು ಎಲ್ಲ ಹೇಳಿದ. ಚಿಕ್ಕಬೈರಪ್ಪನವರ ಹುಬ್ಬು ಇಳಿಯಿತು. "ಮುನಿಗಂಗಣ್ಣನ ಮಗನಾ? ಮಣ್ಣಿಗೆ ನಾನೂ ಓಗಿದ್ದೆ ಕಣಪ್ಪಾ. ಆ ಮುದುಕ ಒಂದು ಹನಿ ನೀರು ಆಕ್ಲಿಲ್ಲ ಕಣ್ಣಲ್ಲಿ. ಸುಮ್ನೆ ಗೋಡೆ ನೋಡ್ಕಂಡು ಕೂತಿದ್ದ." ಅದೇ ಒದ್ದೆ ಪಂಚೆಯಲ್ಲಿ ಕಾಂಪೌಂಡಿನ ಕಟ್ಟೆ ಹತ್ತಿ ಕೂತರು. "ಆಕು. ನಾನೂ ನೋಡ್ತೀನಿ, ಎಲ್ಲಿ ತಪ್ತದೆ ಅಂತ."

ಎಲ್ಲಿ ತಪ್ಪುತ್ತದೆ ಎಂದು ಎಲ್ಲರೂ ನೋಡಿದರು. ಒಬ್ಬೊಬ್ಬರಿಗೂ ಒಂದೊಂದು ಕಡೆ ಕಂಡಿತು. ಮೊಣಕಾಲು ಎಂದರು ಚಿಕ್ಕಬೈರಪ್ಪ. ಉಸಿರು ಎಂದರು ಮಾಲಾ. ಚಪ್ಪಲಿ ಎಂದಳು ಕಿಟಕಿಯಿಂದ ಸೀತಾ. ಸುಬ್ಬು ಹೇಳಿದ್ದನ್ನೆಲ್ಲ ಮಾಡಿದ. ಚೆಂಡು ಮೋರಿಗೆ, ಹಾಲಿನ ಬೂತಿಗೆ, ಒಮ್ಮೆ ಕೇಬಲ್ ತಂತಿಗೆ ಹೋಗಿ, ಇಡೀ ಕ್ರಾಸಿನ ಟಿವಿ ನಿಂತು ಇನ್ನಷ್ಟು ಜನ ಹೊರಗೆ ಬಂದರು.

ಹಾಗೆ ಬಂದವರಲ್ಲಿ ಮೇಲ್ಮನೆಯ ಬಾಡಿಗೆದಾರಳು ಅನೀಸಾ ಇದ್ದಳು. ಹೆಬ್ಬಾಳದ ಕಡೆ ಯಾವುದೋ ಆಸ್ಪತ್ರೆಯಲ್ಲಿ ಫಿಸಿಯೊಥೆರಪಿಸ್ಟು. ಅವಳು ಏನೂ ಸಲಹೆ ಕೊಡದೆ ಫೋನಿನಲ್ಲಿ ಸುಬ್ಬುವಿನ ಕೈ ತಿರುಗುವುದನ್ನು ಚಿತ್ರ ಹಿಡಿದು, ನಿಧಾನಗತಿಯಲ್ಲಿ ಓಡಿಸಿ ತೋರಿಸಿದಳು.

"ನೋಡಿ ಅಂಕಲ್. ಚೆಂಡು ಬಿಡೋ ಟೈಮಲ್ಲಿ ಮಣಿಕಟ್ಟು ಎಡಕ್ಕೆ ಬೀಳುತ್ತೆ, ತಲೆನೂ ಅದರ ಜೊತೆ ಹೋಗುತ್ತೆ. ಕಣ್ಣು ಕೂಡ ಮುಚ್ಕೋತೀರ."

ಸುಬ್ಬು ನೋಡಿದ. ಪರದೆಯಲ್ಲಿ ಒಬ್ಬ ಬೋಳುತಲೆಯ ಮನುಷ್ಯ ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಇಂಜೆಕ್ಷನ್ನಿಗೆ ಹೆದರಿದವನ ಹಾಗೆ ಚೆಂಡು ಬಿಡುತ್ತಿದ್ದ. ಇಪ್ಪತ್ತು ವರ್ಷ ಅವನು ತನ್ನನ್ನು ಹೀಗೆ ನೋಡಿಕೊಂಡಿರಲಿಲ್ಲ.

ಅನೀಸಾ ಅವನ ಮಣಿಕಟ್ಟಿಗೆ ಅಗಲ ಪಟ್ಟಿ ಸುತ್ತಿದಳು. "ಅಂಗೈ ಚೆಂಡಿನ ಹಿಂದೇನೇ ಇರ್ಲಿ. ತೋಳು ಕಿವಿ ಸವರ್ಕೊಂಡು ಬರ್ಲಿ. ಕೊನೇಲಿ ಬಿಡೋದು ಈ ಎರಡು ಬೆರಳ ತುದಿ ಮಾತ್ರ. ಕಣ್ಣು ಡಬ್ಬದ ಮೇಲಿರ್ಲಿ."

ಮೊದಮೊದಲು ಏನೂ ಆಗಲಿಲ್ಲ. ಬಿಸಿಲು ಏರಿತು. ಸುಬ್ಬುವಿನ ಬನಿಯನ್ನು ಬೆನ್ನಿಗಂಟಿತು. ಒಂದು ಸಲ, ಯಾರೂ ಸರಿಯಾಗಿ ನೋಡದೆ ಇದ್ದಾಗ, ಚೆಂಡು ಅವನ ಬೆರಳ ತುದಿಯಿಂದ ಸದ್ದಿಲ್ಲದೆ ಹೊರಟು, ಗೆರೆ ಎಳೆದ ಹಾಗೆ ಹೋಗಿ ಡಬ್ಬಕ್ಕೆ ಢಣ್ಣನೆ ಬಡಿಯಿತು. ಮುಂದಿನದೂ ಬಡಿಯಿತು. ಅದರ ಮುಂದಿನದೂ.

ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಚಿಕ್ಕಬೈರಪ್ಪ ಕಟ್ಟೆಯಿಂದಿಳಿದು ಸುಬ್ಬುವಿನ ಬೆನ್ನು ತಟ್ಟಿದರು. ಸುಬ್ಬುವಿನ ಕೈ ತಾನಾಗಿಯೇ ಜೇಬಿಗೆ ಹೋಗಿ ಫೋನು ತೆಗೆಯಿತು. ವಿಜಿಯ ಹೆಸರು ಹುಡುಕಿ, ಒತ್ತುವುದಕ್ಕೆ ಬೆರಳು ಎತ್ತಿದ ಮೇಲೆ ಅವನಿಗೆ ಗೊತ್ತಾಯಿತು, ತಾನೇನು ಮಾಡುತ್ತಿದ್ದೇನೆ ಎಂದು. ಬೆವರು ಒರೆಸಿಕೊಳ್ಳುವ ನೆವದಲ್ಲಿ ಮನೆಯೊಳಗೆ ಹೋಗಿ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ನಿಂತ. ಸೀತಾ ಬಾಗಿಲು ತಟ್ಟಲಿಲ್ಲ.

ಮಧ್ಯಾಹ್ನ ಬಾಗಲಗುಂಟೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಫ್ಲೆಕ್ಸಿನಲ್ಲಿ ವಿಜಿ ನಗುತ್ತಿದ್ದ. ಹಾರ ಜಾರಿ ಅವನ ಒಂದು ಕಣ್ಣಿಗೆ ಅಡ್ಡ ಬಂದಿತ್ತು. ಎದುರು ತಂಡ ಚಿಕ್ಕಬಾಣಾವರದ್ದು. ಸುಬ್ಬುವಿನ ಬೀದಿಯವರೂ ಎರಡು ಕಾರಿನಲ್ಲಿ ಬಂದಿಳಿದರು, ಮಗುವನ್ನು ಪರೀಕ್ಷೆಗೆ ಕರೆತಂದ ತಾಯಿ ತಂದೆಯರ ಹಾಗೆ.

ಮುನಿಗಂಗಪ್ಪ ಸೊಸೆಯ ಕೈ ಹಿಡಿದು ನಿಧಾನವಾಗಿ ಮೈದಾನಕ್ಕೆ ಬಂದರು. ಎತ್ತಿ ಕಟ್ಟಿದ ಪಂಚೆ, ಕಪ್ಪು ಕನ್ನಡಕ, ಕಾಲಿಗೆ ಮಗನ ದೊಗಳೆ ಪ್ಯಾಡು. ಬ್ಯಾಟನ್ನು ಅವರು ಗುದ್ದಲಿ ಹಿಡಿದಂತೆ ಹಿಡಿದಿದ್ದರು. ಸ್ಟಂಪಿನ ಹಿಂದೆ, ವಿಜಿ ನಿಲ್ಲುತ್ತಿದ್ದ ಜಾಗವನ್ನು ಈ ಒಂದು ಚೆಂಡಿನ ಮಟ್ಟಿಗೆ ಗೌರವಕ್ಕೆಂದು ಖಾಲಿ ಬಿಟ್ಟಿದ್ದರು. ಮುದುಕರು ಆ ಖಾಲಿ ಜಾಗದ ಕಡೆ ಒಮ್ಮೆ ತಿರುಗಿ ನೋಡಿ, ಆಮೇಲೆ ಸುಬ್ಬುವಿನ ಕಡೆ ತಲೆಯಾಡಿಸಿದರು.

ಸುಬ್ಬು ಓಡಿಬಂದ. ಅಂಗೈ ಚೆಂಡಿನ ಹಿಂದೆ, ತೋಳು ಕಿವಿಗೆ, ಕಣ್ಣು ಗುರಿಯ ಮೇಲೆ. ಎರಡು ಬೆರಳ ತುದಿಯಿಂದ ಚೆಂಡು ಹೊರಟಿತು. ಅಷ್ಟು ಚೆಂದದ ಚೆಂಡನ್ನು ಅವನು ಜೀವಮಾನದಲ್ಲಿ ಹಾಕಿರಲಿಲ್ಲ. ಅದು ಮುನಿಗಂಗಪ್ಪನವರ ಬ್ಯಾಟಿನ ಅಡಿಯಲ್ಲಿ ನುಸುಳಿ ನಡುವಿನ ಸ್ಟಂಪನ್ನು ಬುಡಸಹಿತ ಎಬ್ಬಿಸಿತು.

ಅಜ್ಜುವಿನ ಬೆರಳು ಅಭ್ಯಾಸಬಲದಿಂದ ಮೇಲೆ ಹೋಯಿತು. ಗುರುಚರಣ್ ಓಡಿಬಂದು ಅದನ್ನು ಹಿಡಿದು ಕೆಳಗಿಳಿಸಿದ. "ನೋ ಬಾಲ್, ನೋ ಬಾಲ್" ಎಂದ ಅಜ್ಜು, ಗಂಟಲು ಸರಿಮಾಡಿಕೊಂಡು.

"ಸತ್ತ ಗೆಳೆಯನ ಅಪ್ಪನ್ನ ಬೌಲ್ಡ್ ಮಾಡ್ಬಿಟ್ಟಲ್ಲೋ ಪಾಪಿ" ಎಂದು ಗುರುಚರಣ್ ಹಲ್ಲು ಕಚ್ಚಿ ಪಿಸುಗುಟ್ಟಿದ.

ಸುಬ್ಬು ಹೋಗಿ ಮುನಿಗಂಗಪ್ಪನವರ ಕೈ ಹಿಡಿದುಕೊಂಡ. "ತಪ್ಪಾಯ್ತು. ಬೇಕಂತ ಹಾಕಿದ್ದಲ್ಲ."

"ಔಟ್ ಆದ್ರೆ ಆಗ್ಲಿ ಬುಡಪ್ಪ. ನಾನೇನ್ ಆಡೋಕ್ ಬಂದ್ನಾ?" ಮುದುಕರು ಬಿದ್ದ ಸ್ಟಂಪನ್ನೇ ನೋಡುತ್ತಿದ್ದರು. "ನಮ್ಮುಡ್ಗ ವಾರ ವಾರ ಮನೆಗ್ ಬಂದು ಏಳ್ತಿದ್ದ. ಸುಬ್ರಮಣ್ಯನ ಚೆಂಡು ಇವತ್ತು ಆ ಮರದ ಎತ್ರಕ್ಕೆ ಓಯ್ತು ಕಣಪ್ಪಾ, ನಾನು ಎಗರಿ ಇಡ್ದೆ ಅಂತ. ಉಣ್ಣೋಕೂ ಕೂರ್ದೆ ನಡುಮನೇಲಿ ಎಗರಿ ಎಗರಿ ತೋರುಸ್ತಿದ್ದ. ನಾನು ಒಂದಿನಾನೂ ನೋಡೋಕ್ ಬರ್ಲಿಲ್ಲ. ಕೆಲ್ಸಿಲ್ಲದೋರ ಆಟ ಅಂತ ಬೈತಿದ್ದೆ. ಅದುಕ್ಕೇ, ಅವನು ಇಡೀತಿದ್ದ ಚೆಂಡು ಒಂದ್ ಸಲ ನೋಡಣಾ ಅಂತ ಬಂದೆ."

ಅಜ್ಜು ಸ್ಟಂಪು ನೆಟ್ಟ, ಮುದುಕರು ಬ್ಯಾಟು ಎತ್ತಿ ಹಿಡಿದರು.

"ಇನ್ನೊಂದ್ ಸಲ ಆಕು ಮಗಾ. ನೀನು ಆಕ್ತಿದ್ಯಲ್ಲ, ಅಂಗೆ."

ಸುಬ್ಬು ಹಾಕಿದ. ನೆಟ್ಟಗೆ ಹೋಯಿತು. ಮಣಿಕಟ್ಟಿನ ಪಟ್ಟಿ ಕಿತ್ತೆಸೆದು ಹಾಕಿದ. ಮತ್ತೂ ನೆಟ್ಟಗೆ. ಈಗ ಬೆಳಿಗ್ಗೆ ಕಲಿಸಿದವರೆಲ್ಲ ಗೆರೆ ದಾಟಿ ಒಳಗೆ ಬಂದರು. ಕುತ್ತಿಗೆ ಹಿಸುಕೋ ಹಾಗೆ ಹಿಡೀರಿ ಎಂದರು ಮಾಲಾ. ಕಣ್ಣು ಮುಚ್ಕೊಳ್ಳಿ ಅಂಕಲ್, ತಲೆ ಎಡಕ್ಕೆ, ಇನ್ನೂ ಎಡಕ್ಕೆ ಎಂದಳು ಅನೀಸಾ. ಮೊಣಕಾಲು ಎಂದರು ಚಿಕ್ಕಬೈರಪ್ಪ. ಸುಬ್ಬು ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಉಸಿರು ಬಿಗಿಹಿಡಿದು ಹಾಕಿದ. ಸ್ಟಂಪು ಎದ್ದು ಬಿತ್ತು.

ಮುನಿಗಂಗಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. "ಅಂಗಾದ್ರೆ ಅವನು ಸುಳ್ ಏಳ್ತಿದ್ನಾ?"

"ಇಲ್ಲ, ನಿಜ, ದೇವರಾಣೆ ನಿಜ" ಎಂದ ಸುಬ್ಬು. "ಎಲ್ಲಾ ನಿಜ ಯಜಮಾನ್ರೇ, ನಾವೇ ನೋಡಿದೀವಿ" ಎಂದರು ತಂಡದವರು ಒಟ್ಟಿಗೆ. ಒಟ್ಟಿಗೆ ಹೇಳಿದ್ದರಿಂದಲೇ ಅದು ಸಮಾಧಾನದ ಮಾತಿನ ಹಾಗೆ ಕೇಳಿಸಿತು. ಮುದುಕರು ಎಲ್ಲರ ಮುಖವನ್ನೂ ಒಮ್ಮೆ ನೋಡಿ, "ಒಳ್ಳೇವ್ರು ಕಣಪ್ಪಾ ನೀವು" ಎಂದರು. "ಓಗ್ಲಿ ಬುಡು. ನನ್ನ ನಗ್ಸೋಕೆ ಏಳಿದ್ದಾನು."

ಸೊಸೆ ಪ್ಯಾಡು ಬಿಚ್ಚಿದಳು. ಇಬ್ಬರೂ ಆಟೊ ಹತ್ತಿದರು.

ಮ್ಯಾಚು ಶುರುವಾಯಿತು. ಗುರುಚರಣ್ ಸುಬ್ಬುವಿಗೆ ಚೆಂಡು ಕೊಟ್ಟು, "ನೀನೇ ಹಾಕು. ಚೆಂಡು ಬಿಡೋ ಆ ರಿಲೀಸ್ ಹೀಗೇ ಇಟ್ಕೋ" ಎಂದ. ಸ್ಟಂಪಿನ ಹಿಂದೆ ಹೊಸ ಕೀಪರ್ ಕದಿರಪ್ಪ ಬಗ್ಗಿ ನಿಂತ. ಸುಬ್ಬು ಚೆಂಡಿನ ಬಗ್ಗೆ ಏನನ್ನೂ ಯೋಚಿಸದೆ, ಆಟೊ ಹೋದ ರಸ್ತೆಯ ಕಡೆ ಮನಸ್ಸಿಟ್ಟು ಓಡಿಬಂದು ಕೈ ತಿರುಗಿಸಿದ.

ಚೆಂಡು ಎದ್ದಿತು. ಬ್ಯಾಟ್ಸ್‌ಮನ್ನನ ತಲೆ ದಾಟಿ, ಕದಿರಪ್ಪನ ತಲೆ ದಾಟಿ, ಮರದ ಎತ್ತರಕ್ಕೆ ಹೋಗಿ, ಬೇಲಿಯಾಚೆ ನಿಂತ ಗೂಡ್ಸ್ ಆಟೊದ ತಗಡಿನ ಮೇಲೆ ಬಿದ್ದು ಸದ್ದು ಮಾಡಿತು. ಅಜ್ಜು ಎರಡೂ ಕೈ ಅಗಲಿಸಿದ.

ಕದಿರಪ್ಪ ಸೊಂಟದ ಮೇಲೆ ಕೈಯಿಟ್ಟ. "ಇದನ್ನ ಮನುಷ್ಯ ಅನ್ನೋನು ಹಿಡಿಯೋಕಾಗುತ್ತೇನ್ರೋ?"

"ವಿಜಿ ಹಿಡೀತಿದ್ದ" ಎಂದ ಅಜ್ಜು.

ಸುಬ್ಬು ಆಗಲೇ ಗೇಟಿನ ಕಡೆ ಓಡುತ್ತಿದ್ದ. ರಸ್ತೆಯಲ್ಲಿ ಆಟೊಗಳು ಬೇಕಾದಷ್ಟಿದ್ದವು. ಮುದುಕರು ಹತ್ತಿದ್ದು ಯಾವುದೆಂದು ಗೊತ್ತಾಗಲಿಲ್ಲ. ಗುರುಚರಣ್ ಹಿಂದಿನಿಂದ ಬಂದು ಅವನ ರಟ್ಟೆ ಹಿಡಿದು, "ಬಾ. ಇನ್ನೊಂದು ಅಂಥದ್ದೇ ಹಾಕು. ವಿಡಿಯೋ ತೆಗೆದು ಕಳಿಸೋಣ. ಕಣ್ಣಾರೆ ನೋಡ್ಲಿ" ಎಂದ. ಧನಲಕ್ಷ್ಮಿಗೆ ಫೋನು ಮಾಡಿ, ಈಗೊಂದು ವಿಡಿಯೋ ಬರುತ್ತೆ, ಮಾವನವರಿಗೆ ತೋರಿಸಿ ಎಂದೂ ಹೇಳಿದ.

ಗುರುಚರಣ್ ಫೋನು ಎತ್ತಿ ಹಿಡಿದ. ಸುಬ್ಬು ಓಡಿಬಂದ.

ನಡುವಿನ ಸ್ಟಂಪು ಪಲ್ಟಿ ಹೊಡೆಯಿತು.

ಚಿಕ್ಕಬಾಣಾವರದ ಅತಿ ದೊಡ್ಡ ಹೊಡೆತಗಾರ ಸೊನ್ನೆಗೆ ಔಟಾಗಿದ್ದ. ತಂಡದವರು ಎಲ್ಲ ಮರೆತು ಕೇಕೆ ಹಾಕುತ್ತಾ ಬಂದು ಸುಬ್ಬುವನ್ನು ಹೆಗಲ ಮೇಲೆ ಎತ್ತಿಕೊಂಡರು. ಅವನಿಗೆ ವಿಕೆಟ್ಟು ಸಿಕ್ಕಿದ್ದೇ ಅಪರೂಪ. ಯಾರೂ ಯಾವತ್ತೂ ಎತ್ತಿಕೊಂಡಿರಲಿಲ್ಲ. "ಇಳಿಸ್ರೋ, ಇಳಿಸ್ರೋ" ಎನ್ನುತ್ತಾ ಅವನು ಮೇಲೆ ಕೂತು ಅಳುತ್ತಿದ್ದ. ಖುಷಿಗೆ ಅಳುತ್ತಿದ್ದಾನೆಂದು ಅವರು ಇನ್ನೂ ಎತ್ತರಕ್ಕೆ ಎತ್ತಿದರು.

"ವಿಡಿಯೋ ಕಳಿಸ್ಬೇಡ ಗುರು" ಎಂದ ಸುಬ್ಬು ಮೇಲಿನಿಂದ.

ಗುರುಚರಣ್ ತನ್ನ ಫೋನನ್ನೇ ನೋಡುತ್ತಾ ನಿಂತಿದ್ದ. ಸಂಭ್ರಮದಲ್ಲಿ ಅವನ ಬೆರಳು ಆಗಲೇ ಒತ್ತಿಬಿಟ್ಟಿತ್ತು. ಧನಲಕ್ಷ್ಮಿಯ ಉತ್ತರವೂ ಬಂದಿತ್ತು.

'ಮಾವ ನೋಡಿದ್ರು. ಎಷ್ಟು ನೆಟ್ಟಗೆ ಹಾಕ್ತಾನೆ ಪಾಪ, ನಮ್ಮುಡ್ಗ ಸುಮ್ನೆ ಅವನ್ನ ಆಡ್ಕೋತಿದ್ದ ಅಂದ್ರು. ಸುಬ್ರಮಣ್ಯನ ಹತ್ರ ಕ್ಷಮೆ ಕೇಳು ಅಂದ್ರು.'